ಬಾಲ್ಯದ ತಲೆಸುತ್ತು

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮಗು ‘ಚಕ್ಕರ್ ಬಂತು’ ಎಂದೊಡನೆ ಅಜ್ಜಿ ದೃಷ್ಟಿ ತೆಗೆಯಲು ಹೊರಡುವುದುಂಟು. ತಂದೆ ಅದನ್ನು ಶಾಲೆ ತಪ್ಪಿಸುವ ನೆಪವೆನ್ನುವುದೂ ಉಂಟು. ಮಗುವಿಗೆ ಆದದ್ದೇನೆಂದು ಕೇಳುವವರು ವಿರಳ. ಕಾರಣದ ಸುಳಿವಾದರೋ ಆ ಉತ್ತರದಲ್ಲಿಯೇ ಇರುತ್ತದೆ.

ಉಪಾಹಾರವಿಲ್ಲದೆ ಶಾಲೆಯ ಪ್ರಾರ್ಥನೆಗೆ ಬಿಸಿಲಿನಲ್ಲಿ ನಿಂತಾಗ ಕಣ್ಣಿಗೆ ಕತ್ತಲೆ ಕವಿದರೆ, ರಕ್ತದೊತ್ತಡ ಕ್ಷಣಕಾಲ ಇಳಿದು ಮಿದುಳಿಗೆ ರಕ್ತ ಸಾಲದಾಗಿರಬಹುದು. ರಕ್ತಹೀನತೆಯೂ ಇದಕ್ಕೆ ಜೊತೆಗೂಡಬಹುದು. ಗೋಡೆಗಳೇ ತಿರುಗಿದಂತಾದರೆ ಒಳಕಿವಿಯನ್ನು ಪರೀಕ್ಷಿಸಬೇಕು. ಆಡುತ್ತಿದ್ದ ಕೂಸು ಹಠಾತ್ತನೆ ಬೆದರಿ ತಾಯಿಯನ್ನು ತಬ್ಬಿ, ಕೆಲವೇ ನಿಮಿಷಗಳಲ್ಲಿ ಆಟಕ್ಕೆ ಮರಳುವುದೂ ಉಂಟು. 1964ರಲ್ಲಿ ಬ್ಯಾಸರ್ ಎಂಬ ವೈದ್ಯರು ವರ್ಣಿಸಿದ ಈ ಬಗೆ ಅರೆತಲೆನೋವಿಗೆ ಸಂಬಂಧಿಸಿದುದು. ವಯಸ್ಸು ಏರಿದಂತೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ.

ಆದರೆ ಓಡುವಾಗಲೇ ಎಚ್ಚರ ತಪ್ಪಿ ಬಿದ್ದ ಮಗುವಿನ ವಿಷಯದಲ್ಲಿ ತಡ ಸಲ್ಲದು. ಹೃದಯದ ಬಡಿತದ ದೋಷ ಅಲ್ಲಿ ಅಡಗಿರಬಹುದು. ಇಸಿಜಿ ಅದನ್ನು ತೋರಿಸಿಕೊಡಬಹುದು. 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಿಯ ‘ಕಿಮ್ಸ್’, ಹುಬ್ಬಳ್ಳಿಯಲ್ಲಿಯೇ ಇದೆ.

ಯಾವಾಗ ಬಂತು, ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು: ಈ ಮೂರನ್ನು ತಾಯಿತಂದೆಗಳು ಬರೆದಿಟ್ಟು ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆಯೇ.