ಗೋಪುರಕ್ಕೆ ಮೊದಲು ನೆಲವನ್ನು ಓದಿರಿ

ವಿದ್ಯುತ್ ಮಾರ್ಗವು ನಕಾಶೆಯ ಮೇಲೆ ಒಂದು ಗೆರೆ. ನೆಲದ ಮೇಲೆ ಅದು ಕುಣಿಗಳ ಸಾಲು. ಒಂದೊಂದು ಗೋಪುರಕ್ಕೆ ನಾಲ್ಕು ಕಾಲು, ಒಂದೊಂದು ಕಾಲಿಗೆ ಆಳದ ಕುಣಿ, ಅದರ ತುಂಬ ಕಾಂಕ್ರೀಟು. ಘೋಷಿತ ಸ್ಮಾರಕಗಳ ಆಸುಪಾಸನ್ನು ಬಿಟ್ಟರೆ, ಅಗೆಯುವ ಮೊದಲು ಆ ನೆಲದಲ್ಲಿ ಏನಿದೆಯೆಂದು ನೋಡುವ ಹೊಣೆಯನ್ನು ಕಾನೂನು ಯಾರ ಮೇಲೂ ಹೊರಿಸಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೆಲ ಬರಿಯ ಮಣ್ಣಲ್ಲ. ಕೊಣ್ಣೂರಿನ ಬಳಿ ಗುಡ್ಡದ ಬುಡದಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಗೋಕಾಕ ಜಲಪಾತದ ದಂಡೆಯಲ್ಲಿ ಚಾಲುಕ್ಯ ಶೈಲಿಯ ಗುಡಿಗಳಿವೆ. ಕಲ್ಲೋಳಿಯು ರಟ್ಟ ಅರಸು ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವನ್ನು ಕೊಟ್ಟ ಊರು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು, ಸಂಕೇಶ್ವರದ ಬಳಿ ವಲ್ಲಭಗಡದ ಕೋಟೆ. ಇವು ಹೆಸರು ಪಡೆದವು. ಬದುವಿನ ವೀರಗಲ್ಲು, ಹಾಳೂರ ದಿಬ್ಬ, ನೇಗಿಲಿಗೆ ಸಿಗುವ ಕಪ್ಪು-ಕೆಂಪು ಮಡಕೆಯ ಚೂರು, ಇವುಗಳ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ.

ಕಾನೂನಿನ ಲೋಪ ಇರುವುದು ಇಲ್ಲಿಯೇ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದಿತು. ಘೋಷಣೆಯಾಗದ ದಿಬ್ಬಕ್ಕೆ ಒಂದು ಮೀಟರಿನ ರಕ್ಷಣೆಯೂ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಮಾರ್ಗಗಳೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 164ನೆಯ ಕಲಮಿನ ಮೂಲಕವೋ, 1885ರ ತಂತಿ ಕಾಯ್ದೆಯ ಅಧಿಕಾರ ಗೋಪುರ ನಿಲ್ಲಿಸುವವರ ಕೈ ಸೇರಿತು. ಬೆಳೆಹಾನಿಗೆ ಪರಿಹಾರದ ಲೆಕ್ಕವುಂಟು. ಅಳಿದುಹೋದ ಇತಿಹಾಸಕ್ಕೆ ಲೆಕ್ಕವಿಡುವವರು ಯಾರು?

ಮೊದಲೇ ಯೋಚಿಸದಿದ್ದರೆ ಏನಾಗುವುದೆಂಬುದನ್ನು ಹುಕ್ಕೇರಿ ತಾಲ್ಲೂಕು ಕಂಡಿದೆ. ಹುನ್ನೂರಿನ ವಿಠ್ಠಲನ ಗುಡಿ ಹಿಡಕಲ್ ಜಲಾಶಯದಲ್ಲಿ ಮುಳುಗಿತು. ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಅದರ ದರ್ಶನ. ಕಲ್ಲಿನ ಗುಡಿ ನೀರಿನಿಂದ ಮರಳಿ ಮೇಲೇಳಬಹುದು. ಕಾಂಕ್ರೀಟಿಗೆ ಒಡೆದ ಗೋರಿ ಏಳಲಾರದು. ಆದರೆ ಸರಕಾರಕ್ಕೆ ಮನಸ್ಸಿದ್ದಾಗ ದಾರಿ ಸಿಕ್ಕಿದೆ. ನಾಗಾರ್ಜುನಸಾಗರದ ನೀರು ಏರುವ ಮೊದಲು, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದಲ್ಲಿ ಉತ್ಖನನ ನಡೆಯಿತು. ಯುರೋಪಿನ ರಾಷ್ಟ್ರಗಳು 1992ರ ವ್ಯಾಲೆಟ್ಟಾ ಒಡಂಬಡಿಕೆಯಲ್ಲಿ, ಕಾಮಗಾರಿಯಿಂದ ಅಗತ್ಯವಾಗುವ ಪುರಾತತ್ವ ಕಾರ್ಯದ ವೆಚ್ಚ ಆ ಕಾಮಗಾರಿಯದೇ ಎಂಬ ತತ್ವವನ್ನು ಒಪ್ಪಿದವು.

ಸಮೀಕ್ಷೆಯಿಂದ ವಿಳಂಬವಾಗುವುದೆಂಬ ಆಕ್ಷೇಪ ಬರುತ್ತದೆ. ಅಣೆಕಟ್ಟನ್ನು ಸರಿಸಲಾಗದು, ಗೋಪುರವನ್ನು ಸರಿಸಬಹುದು. ಎರಡು ಗೋಪುರಗಳ ನಡುವೆ ನೂರಾರು ಮೀಟರ್ ಅಂತರವಿರುವಾಗ, ಗೆರೆ ಇನ್ನೂ ಕಾಗದದ ಮೇಲಿರುವಾಗ, ಕುಣಿಯ ಜಾಗವನ್ನು ಕೆಲವು ಮಾರು ಬದಲಿಸುವುದು ಸುಲಭ. ಕುಣಿ ತೋಡಿದ ಮೇಲೆ ಕಲ್ಲು ಹೊರಬಿದ್ದರೆ ಆಗಲೇ ನಿಜವಾದ ವಿಳಂಬ. ವಿದ್ಯುತ್ತು ಬೇಡವೆಂಬ ಮಾತೂ ಇದಲ್ಲ. 1887ರಿಂದಲೇ ಜಲಪಾತದ ಬಲದಿಂದ ಗಿರಣಿ ನಡೆಸಿದ ಗೋಕಾಕಕ್ಕೆ ಶಕ್ತಿಯ ಬೆಲೆಯನ್ನು ಯಾರೂ ಕಲಿಸಬೇಕಿಲ್ಲ.

ಆಗಬೇಕಾದುದು ಇಷ್ಟು: ಮಾರ್ಗ ನಿಶ್ಚಯವಾಗುವ ಮುನ್ನ ಪುರಾತತ್ವಜ್ಞರು ಅದರುದ್ದಕ್ಕೂ ನಡೆದು ನೋಡಬೇಕು, ಊರ ಹಿರಿಯರನ್ನು, ಕುರಿ ಕಾಯುವವರನ್ನು ಕೇಳಬೇಕು, ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು, ಖರ್ಚನ್ನು ಯೋಜನೆಯೇ ಭರಿಸಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಬೆಳಗಾವಿ, ಧಾರವಾಡಗಳಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳು ತಮ್ಮೂರಿನ ಕಲ್ಲು, ದಿಬ್ಬ, ಹಾಳುಬಾವಿಗಳನ್ನು ಸರ್ವೆ ನಂಬರಿನೊಡನೆ ದಾಖಲಿಸಲಿ. ಗ್ರಾಮಸಭೆಗಳು ಆ ಪಟ್ಟಿಯನ್ನು ಠರಾವಿಗೆ ಲಗತ್ತಿಸಲಿ. ಕಾಗದದಲ್ಲಿಲ್ಲದ್ದು ನೆಲದಲ್ಲಿಯೂ ಇಲ್ಲವೆಂದು ನಂಬುವ ಅಧಿಕಾರಕ್ಕೆ ಕಾಗದದಿಂದಲೇ ಉತ್ತರ ಕೊಡಬೇಕು.