ತಪ್ಪು ಉತ್ತರದ ಹಿಂದಿರುವ ಮಗು

ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಎರಡನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ತುಳು ಮಾತನಾಡುವ ಹುಡುಗನೊಬ್ಬ ‘ಅಪ್ಪ ಪೇಟೆಯಿಂದ ಮೀನು ತರಿದರು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು, ಆ ವಾಕ್ಯವನ್ನು ಎಲ್ಲರ ಮುಂದೆ ಓದಿದೆ. ಮಕ್ಕಳು ನಕ್ಕರು. ಹುಡುಗ ಆ ವಾರವಿಡೀ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅಧ್ಯಾಪಕ ತರಬೇತಿಯಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಓದಿ ಬಂದವನು ನಾನು! ಓದಿದ್ದು ಪರೀಕ್ಷೆಗೆ ಒದಗಿತ್ತು, ಮಗುವಿಗೆ ಒದಗಿರಲಿಲ್ಲ.

‘ತರಿದರು’ ಎಂಬ ಮಾತನ್ನು ಅವನಿಗೆ ಯಾರು ಕಲಿಸಿದ್ದರು? ಯಾರೂ ಕಲಿಸಿರಲಿಲ್ಲ. ಮಾಡಿದರು, ಓದಿದರು, ಹಾಡಿದರು ಎಂಬ ಮಾತುಗಳನ್ನು ಕೇಳಿ, ಅವುಗಳೊಳಗಿನ ನಿಯಮವನ್ನು ಅವನೇ ಕಂಡುಕೊಂಡಿದ್ದ. ತಪ್ಪಿದ್ದು ಪದ, ಯೋಚಿಸಿದ ದಾರಿ ಸರಿಯಾಗಿಯೇ ಇತ್ತು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಹೆಸರು ಮಾಡಿದ್ದೇ ಇಂಥ ತಪ್ಪುಗಳಿಂದ. 1920ರ ಸುಮಾರಿಗೆ ಪ್ಯಾರಿಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸ ಮಾಡುತ್ತಿದ್ದಾಗ, ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುವುದನ್ನು ಅವರು ಗಮನಿಸಿದರು. ಅಗಲ ಬಟ್ಟಲಿನ ನೀರನ್ನು ಮಗುವಿನ ಎದುರಿಗೇ ಉದ್ದನೆಯ ಲೋಟಕ್ಕೆ ಸುರಿದರೆ, ಐದು ವರ್ಷದ ಮಗು ‘ಈಗ ನೀರು ಹೆಚ್ಚಾಯಿತು’ ಎನ್ನುತ್ತದೆ. ಏಳೆಂಟು ವರ್ಷವಾದಾಗ ಅದೇ ಮಗು ‘ಅಷ್ಟೇ ಇದೆ’ ಎನ್ನುತ್ತದೆ. ಮಗುವೆಂದರೆ ಗಾತ್ರದಲ್ಲಿ ಕಿರಿದಾದ ದೊಡ್ಡವನಲ್ಲ. ಅದರ ಯೋಚನೆಯ ರೀತಿಯೇ ಬೇರೆ. ಪಿಯಾಜೆ ಹೇಳಿದ ವಯಸ್ಸಿನ ಮೆಟ್ಟಿಲುಗಳು ಅಷ್ಟು ಕಟ್ಟುನಿಟ್ಟಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ತಪ್ಪನ್ನು ಗೌರವದಿಂದ ನೋಡಬೇಕೆಂಬ ಅವರ ಪಾಠ ಹಳತಾಗಿಲ್ಲ.

ಅದೇ 1896ರಲ್ಲಿ ಹುಟ್ಟಿದ ರಷ್ಯಾದ ಲೆವ್ ವೈಗಾಟ್ಸ್ಕಿ ಬದುಕಿದ್ದು ಮೂವತ್ತೇಳೇ ವರ್ಷ. ಕ್ಷಯರೋಗದಿಂದ ಅವರು ತೀರಿಕೊಂಡ 1934ರಲ್ಲೇ ಆಲೋಚನೆ ಮತ್ತು ಭಾಷೆಯ ಕುರಿತ ಅವರ ಮುಖ್ಯ ಗ್ರಂಥ ಪ್ರಕಟವಾಯಿತು. ಆಡುವಾಗ ಮಗು ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತದಲ್ಲವೆ? ಆ ಮಾತೇ ಮುಂದೆ ಒಳಗಿಳಿದು ಯೋಚನೆಯಾಗುತ್ತದೆ ಎಂದರು ಅವರು. ಒಂಟಿಯಾಗಿ ಮಾಡಲಾಗದ್ದನ್ನು ಬಲ್ಲವರೊಬ್ಬರ ನೆರವಿನಿಂದ ಮಗು ಮಾಡಬಲ್ಲದು. ಕಲಿಕೆ ನಡೆಯುವುದು ಅಲ್ಲಿಯೇ.

1950ರಲ್ಲಿ ಎರಿಕ್ ಎರಿಕ್ಸನ್ ಮನುಷ್ಯನ ಬಾಳನ್ನು ಎಂಟು ಹಂತಗಳಾಗಿ ವಿಂಗಡಿಸಿದರು. ಅವರ ಪ್ರಕಾರ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ‘ನನ್ನಿಂದಾಗುತ್ತದೆ’ ಎಂಬ ಧೈರ್ಯವೋ ‘ನಾನು ಕೀಳು’ ಎಂಬ ಅಳುಕೋ ಬೇರೂರುತ್ತದೆ. ಪ್ರೌಢಶಾಲೆಯ ವಯಸ್ಸಿನಲ್ಲಿ ‘ನಾನು ಯಾರು?’ ಎಂಬ ಪ್ರಶ್ನೆ ಏಳುತ್ತದೆ.

ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮತ್ತು ಕಚೇರಿಯಲ್ಲಿ ಮಲಯಾಳ, ಮುಂದಿನ ಓದಿಗೆ ಇಂಗ್ಲಿಷು. ಇವುಗಳಲ್ಲಿ ಒಂದನ್ನಾದರೂ ‘ಪ್ರಯೋಜನವಿಲ್ಲದ್ದು’ ಎಂದು ನಾವು ಹಳಿದರೆ, ಮಗುವಿನ ಒಂದು ಭಾಗವನ್ನೇ ಹಳಿದಂತೆ. ನಾನು ಕನ್ನಡದಲ್ಲಿ ಅಕ್ಷರ ಕಲಿತು, ಮುಂದೆ ಇಂಗ್ಲಿಷಿನಲ್ಲಿ ಓದಿದವನು. ಎರಡನೆಯದನ್ನು ಕಲಿಯಲು ಮೊದಲನೆಯದನ್ನು ಕಳಚಿಡಬೇಕಾಗಿ ಬರಲಿಲ್ಲ; ಅದನ್ನೇ ಮೆಟ್ಟಿಲಾಗಿಸಿ ಮೇಲೇರಿದೆ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೆ. ನೆರೆಮನೆಯ ಮಗುವಿನ ಅಂಕಗಳನ್ನು ನಿಮ್ಮ ಊಟದ ಹೊತ್ತಿಗೆ ತರಬೇಡಿ. ದಿನಕ್ಕೆ ಹತ್ತು ನಿಮಿಷವಾದರೂ ಮನೆಮಾತಿನಲ್ಲಿಯೇ ‘ಇಂದು ಏನು ಕಲಿತೆ?’ ಎಂದು ಕೇಳಿ, ಹೇಳಿದ್ದಕ್ಕೆ ಕಿವಿಗೊಡಿ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವವರುಂಟು. ನಿಜ, ಆದರೆ ಅಡಿಕೆ ಸಸಿ ನೆಟ್ಟ ಮರುವರ್ಷವೇ ಯಾವ ಕೃಷಿಕನೂ ಗೊನೆ ಕೇಳುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ತಪ್ಪಾದೀತೆಂದು ಹೆದರಿ ಸುಮ್ಮನೆ ಕೂರಬೇಡಿ. ಅಧ್ಯಾಪಕರಾದ ನಾವೂ ತಪ್ಪು ಮಾಡಿಯೇ ಕಲಿಯುತ್ತಿದ್ದೇವೆ. ಆ ಹುಡುಗನಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಒದಗಲಿಲ್ಲ. ಆದರೆ ಈಗ ಕೆಂಪು ಶಾಯಿ ಮುಟ್ಟುವ ಮೊದಲು ‘ಹೀಗೇಕೆ ಬರೆದೆ, ಮಗೂ?’ ಎಂದು ಕೇಳುತ್ತೇನೆ. ಬರುವ ಉತ್ತರ ಎಷ್ಟೋ ಸಲ ನನಗೇ ಪಾಠವಾಗಿದೆ.