ಗ್ರಂಥಕರ್ತನ ಹೆಗಲ ಗಂಟು

ತಾನು ಬರೆದ ಪುಸ್ತಕಗಳನ್ನು ತಾನೇ ಬಗಲಲ್ಲಿಟ್ಟುಕೊಂಡು ಕಚೇರಿಯ ಮೆಟ್ಟಿಲು ಹತ್ತುವ ಗ್ರಂಥಕರ್ತನನ್ನು ಕಂಡರೆ ಮುಗುಳುನಗುವದು ನಮ್ಮ ಸುಶಿಕ್ಷಿತರಲ್ಲಿ ಒಂದು ರೂಢಿಯೇ ಆಗಿಬಿಟ್ಟಿದೆ. ರಬಕವಿ-ಬನಹಟ್ಟಿಯ ನೇಕಾರನು ತಾನು ನೆಯ್ದ ಸೀರೆಗಳ ಗಂಟನ್ನು ಪೇಟೆಗೆ ತಂದರೆ ಯಾರೂ ನಗುವದಿಲ್ಲ. ದರ ಕೇಳುತ್ತಾರೆ, ಚೌಕಾಶಿ ಮಾಡುತ್ತಾರೆ, ಕಡೆಗೆ ಹಣ ಎಣಿಸುತ್ತಾರೆ. ಬರೆಹಗಾರನಿಗೆ ಇಷ್ಟು ಸಾಧಾರಣವಾದ ಮರ್ಯಾದೆಯೂ ಸಲ್ಲದಿರುವದೇಕೆ?

ಗಳಗನಾಥರ ಹೆಸರನ್ನು ವಾಚಕರಲ್ಲಿ ಹಿರಿಯರಾದರೂ ಕೇಳಿರಬೇಕು. ವರದಾ-ತುಂಗಭದ್ರೆಯರ ಸಂಗಮದಲ್ಲಿರುವ ಗಳಗನಾಥವೆಂಬ ಹಳ್ಳಿಯ ವೆಂಕಟೇಶ ತಿರಕೋ ಕುಲಕರ್ಣಿಯವರೇ (1869-1942) ಅವರು. ಶಾಲಾಮಾಸ್ತರರಾಗಿದ್ದ ಈ ಮಹನೀಯರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿದರು, 'ಮಾಧವ ಕರುಣಾವಿಲಾಸ'ದಂಥ ಐತಿಹಾಸಿಕ ಕಾದಂಬರಿಯನ್ನು ಬರೆದರು, 1907ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಗಾಗಿ ದುಡಿದರು. ಬರೆದು ಸುಮ್ಮನೆ ಕುಳಿತವರಲ್ಲ. ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಓದುಗನೆಂಬವನು ಹುಟ್ಟಿದ್ದು ಬಹುಮಟ್ಟಿಗೆ ಈ ಅಲೆದಾಟದಿಂದ. ಅದನ್ನು ಸ್ವಪ್ರಚಾರವೆಂದು ಹಳಿಯುವವರು ಹಳಿಯಲಿ!

ಇನ್ನು ಮುಧೋಳದ ರನ್ನನು? ಬಳೆಗಾರರ ಕುಲದಲ್ಲಿ ಹುಟ್ಟಿದ ಆ ಮಹಾಕವಿಯು ತನ್ನ ಕಾವ್ಯದ ಹಿರಿಮೆಯನ್ನು ತಾನೇ ಸಾರಲು ಎಳ್ಳಷ್ಟೂ ಸಂಕೋಚಪಡಲಿಲ್ಲ. ಆದರೆ ಅವನಿಗೆ ಅತ್ತಿಮಬ್ಬೆಯಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಿಯವಳು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಬರೆಹಗಾರನು ಕೈಚಾಚಲು ಅರಸನೂ ಉಳಿಯಲಿಲ್ಲ. ಉಳಿದವನು ಓದುಗನೊಬ್ಬನೇ.

ಆ ಓದುಗನು ಮಾಡುತ್ತಿರುವದೇನು? ಬೀಳಗಿಯಲ್ಲಾಗಲಿ ಜಮಖಂಡಿಯಲ್ಲಾಗಲಿ ಒಬ್ಬ ಶಿಕ್ಷಕನು ಸ್ವಂತ ಗಳಿಕೆಯಿಂದ ಪುಸ್ತಕ ಅಚ್ಚು ಹಾಕಿಸುತ್ತಾನೆ. ಬಿಡುಗಡೆಯ ಸಮಾರಂಭವಾಗುತ್ತದೆ, ಶಾಲು, ಹಾರ, ಮೂರು ತಾಸು ಭಾಷಣ. ಸಭೆಯಲ್ಲಿದ್ದ ಗಣ್ಯರೂ ಅಧಿಕಾರಿಗಳೂ ಗೌರವ ಪ್ರತಿಯನ್ನು ಕೈಯಲ್ಲಿ ಹಿಡಿದು ಭಾವಚಿತ್ರ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಉಪಾಹಾರಕ್ಕೆ ಖರ್ಚಾದ ಹಣದಷ್ಟೂ ಪುಸ್ತಕದಿಂದ ಹುಟ್ಟುವದಿಲ್ಲ. ಗೌರವ ಪ್ರತಿಯೆಂಬುದು ಗ್ರಂಥಕರ್ತನಿಗೆ ಮಾಡುವ ಗೌರವವಲ್ಲ, ಅವನ ಮೇಲೆ ಹೇರುವ ದಂಡ. ತಿಂಗಳ ಸಂಬಳ ತಪ್ಪದವರು ಬೆಲೆ ಕೊಟ್ಟು ಕೊಳ್ಳುವದು ಕನಿಷ್ಠ ಸೌಜನ್ಯವಾಗಿದೆ.

ಗ್ರಂಥಕರ್ತರಿಗೂ ಒಂದು ಮಾತು ಹೇಳದೆ ಗತಿಯಿಲ್ಲ. ಕರಡು ತಿದ್ದದೆ, ಪುಟಕ್ಕೆ ಹತ್ತು ತಪ್ಪುಗಳನ್ನುಳಿಸಿ, ಮುನ್ನುಡಿಯಲ್ಲಿ ದೊಡ್ಡವರ ಹೊಗಳಿಕೆಯನ್ನು ತುಂಬಿ ಮಾರಲು ಹೊರಟವರನ್ನು ನಾವು ಸಮರ್ಥಿಸಲಾರೆವು. ಗಳಗನಾಥರ ಗಂಟಿನಲ್ಲಿ ಓದಿಸಿಕೊಳ್ಳುವ ಸರಕಿತ್ತು.

ಕಡೆಯದಾಗಿ ಗ್ರಂಥಾಲಯಗಳ ವಿಚಾರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೇರೆಗೆ ನಾವು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತೇವೆ. ಈ ಊರುಗಳಲ್ಲಿ ಕಳೆದ ವರ್ಷ ವಸೂಲಾದ ಕರವೆಷ್ಟು, ಗ್ರಂಥಾಲಯಕ್ಕೆ ಸಂದಾಯವಾದದ್ದೆಷ್ಟು, ಅದರಿಂದ ಈ ಸೀಮೆಯ ಬರೆಹಗಾರರ ಪುಸ್ತಕಗಳಲ್ಲಿ ಎಷ್ಟನ್ನು ಕೊಳ್ಳಲಾಯಿತು ಎಂಬ ಲೆಕ್ಕವನ್ನು ಪೌರಸಂಸ್ಥೆಗಳೂ ಗ್ರಂಥಾಲಯದ ಅಧಿಕಾರಿಗಳೂ ಪ್ರಕಟಿಸಲಿ. ಅದಕ್ಕೆ ಈ ಪುಟದಲ್ಲಿ ಅವಶ್ಯವಾಗಿ ಸ್ಥಳ ಕೊಡುವೆವು.